ಇಪ್ಪತ್ತೊಂದು ಕೈಗಳ ಕಟ್ಟು

ಹಾನಗಲ್ಲಿನಿಂದ ಬಂದು ನಾಲ್ಕು ದಿನವಾಯಿತು. ಅಲ್ಲಿ ನಡೆದದ್ದನ್ನು ಓಣಿಯ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ. ಹಾಲಿನವನಿಗೆ ಎರಡು ಸಲ ಹೇಳಿದೆ. ನಿನ್ನೆ ಗ್ಯಾಸಿನ ಸಿಲಿಂಡರ್ ತಂದವನಿಗೆ ಬಾಗಿಲಲ್ಲೇ ಹೇಳಲು ಶುರು ಮಾಡಿದೆ. ಒಳಗಿನಿಂದ ಸೊಸೆ ಕೂಗಿದಳು.

"ಅತ್ತಿ, ಮೊದಲ ಅವನ ಹೆಗಲ ಮ್ಯಾಲಿಂದು ಇಳಸಾಕ ಬಿಡ್ರಿ! ಅಷ್ಟು ಹೇಳೂದೈತಿ ಅಂದ್ರ ಒಂದು ನೋಟ್‌ಬುಕ್‌ನ್ಯಾಗ ಬರದಿಡ್ರಿ. ಬಂದವರು ಓದ್ಕೊಂಡು ಹೋಗ್ಲಿ."

ಅವಳು ಚೇಷ್ಟೆಗೆ ಅಂದಳು. ನನಗೆ ಮಾತು ಹಿಡಿಸಿತು. ಮೊಮ್ಮಗಳ ಹೋದ ವರ್ಷದ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳು ಖಾಲಿ ಇದ್ದವು. ಅದರಲ್ಲೇ ಬರೆಯುತ್ತಿದ್ದೇನೆ. ಚೌಕಳಿ ಹಾಕಿದ ಹಾಳೆ. ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ ಕೂಡಿಸಿದರೆ ನನ್ನಂಥವಳ ಸಾಲೂ ಡೊಂಕಾಗುವುದಿಲ್ಲ.

ನಾನು ಸವಣೂರಿನಲ್ಲಿ ಸಾಲೆ ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಅದೂ ಪೂರ್ತಿ ಅಲ್ಲ. ಆಗ ಸಂಜೆ ಸಾಲೆ ಬಿಡುವ ಮುಂಚೆ ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದರು. ಕರಿ ಟೊಪ್ಪಿಗೆಯ ಮಾಸ್ತರರು ಕಂಬಕ್ಕೆ ರೂಲಿನಿಂದ ತಾಳ ಹಾಕುತ್ತಿದ್ದರು, ನಾವು ಒದರುತ್ತಿದ್ದೆವು. ಇಪ್ಪತ್ತರ ಮಗ್ಗಿ ಮುಗಿದ ಮೇಲೆ ಕಾಲು ಮಗ್ಗಿ, ಅದಾದ ಮೇಲೆ ಅರ್ಧದ ಮಗ್ಗಿ, ಆಮೇಲೆ ಮುಕ್ಕಾಲು ಮಗ್ಗಿ. ಒಂದು ಮುಕ್ಕಾಲು ಮುಕ್ಕಾಲು, ಎರಡು ಮುಕ್ಕಾಲು ಒಂದೂವರೆ. ಈಗಿನ ಮಕ್ಕಳಿಗೆ ಅದನ್ನು ಕಲಿಸುವುದಿಲ್ಲವಂತೆ. ನನಗೆ ಅದೆಂದರೆ ಬೆಲ್ಲ ಚೀಪಿದ ಹಾಗೆ. ಬಾಯಿಗೆ ಬಂದರೆ ಸಾಕು, ಕಾಲು ಕುಣಿಯುತ್ತಿದ್ದವು. ಒಂದು ದಿನ ಏಳು ಮುಕ್ಕಾಲು ಐದೂಕಾಲು ಎನ್ನುವ ತನಕ ಕಲಿತು ಮನೆಗೆ ಬಂದೆ. ಅವ್ವ ಹಡೆದಿದ್ದಳು. ಮನೆಯಲ್ಲಿ ವೀಳ್ಯದೆಲೆ ಎಣಿಸುವ ಕೈ ಒಂದು ಕಡಿಮೆಯಾಗಿತ್ತು. ಅಪ್ಪ ಕೇಳಿದ, "ಲೆಕ್ಕ ಬರ್ತೈತಿಲ್ಲೋ ನಿನಗ?"

"ಬರ್ತೈತಿ."

"ಮತ್ತ ಸಾಲ್ಯಾಗೇನೈತಿ? ಕುಂದ್ರು, ಎಲಿ ಎಣಸು."

ಎಂಟು ಮುಕ್ಕಾಲಿಗೆ ಎಷ್ಟು ಎಂಬುದನ್ನು ಆ ಸಾಲೆಯ ಅಂಗಳದಲ್ಲಿ ನಿಂತು ನಾನು ಒದರಲೇ ಇಲ್ಲ.

ನಮ್ಮದು ವೀಳ್ಯದೆಲೆಯ ತೋಟದಲ್ಲಿ ದುಡಿಯುವ ಮನೆ. ತೋಟ ಸಾಹೇಬರದು. ಅವರ ಅಜ್ಜನ ಕಾಲದಿಂದಲೂ ಬಳ್ಳಿ ಅವರದು, ಕೈ ನಮ್ಮದು. ಮುಂಜಾನೆ ಕೊಯ್ದ ಎಲೆ ಒದ್ದೆ ಗೋಣಿಯಲ್ಲಿ ಮನೆಗೆ ಬರುತ್ತದೆ. ಪಡಸಾಲೆಯಲ್ಲಿ ಕೂತು ಆರಿಸಿ, ಎಣಿಸಿ, ಬಾಳೆನಾರಿನಿಂದ ಕಟ್ಟುವುದು ಹೆಂಗಸರ ಕೆಲಸ. ಒಂದೊಂದೇ ಎಲೆ ಎಣಿಸುತ್ತ ಕೂತರೆ ಸಂಜೆಯಾದರೂ ಮುಗಿಯುವುದಿಲ್ಲ. ಐದು ಎಲೆ ಒಟ್ಟಿಗೆ ಹಿಡಿಯಬೇಕು. ಅದಕ್ಕೆ ಒಂದು ಕೈ ಎನ್ನುತ್ತೇವೆ. ಇಪ್ಪತ್ತು ಕೈ ಆದರೆ ನೂರು ಎಲೆ. ಲೋಕದ ಲೆಕ್ಕಕ್ಕೆ ಕಟ್ಟು ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಮುಗಿಯುವುದಿಲ್ಲ. ಅದರ ಮೇಲೆ ಇನ್ನೊಂದು ಕೈ ಹಾಕುತ್ತೇವೆ, ಕೊಸರು ಎಂದು. ನಮ್ಮ ನೂರರ ಕಟ್ಟಿನಲ್ಲಿ ಯಾವತ್ತೂ ಇಪ್ಪತ್ತೊಂದು ಕೈ, ನೂರಾ ಐದು ಎಲೆ.

ಎಣಿಸಲು ಕೂತ ಮೊದಲ ದಿನವೇ ಅಪ್ಪನನ್ನು ಕೇಳಿದ್ದೆ, ಪುಕ್ಕಟೆ ಐದು ಎಲೆ ಯಾಕೆ ಕೊಡಬೇಕು ಎಂದು. ಅಪ್ಪ ಒಂದು ದಿನವೂ ಸಾಲೆಯ ಹೊಸ್ತಿಲು ತುಳಿದವನಲ್ಲ. ಆದರೆ ಅವನು ಅಂದ ಮಾತು ಇನ್ನೂ ಕಿವಿಯಲ್ಲಿದೆ.

"ನೂರು ಎಲಿ ಮೂರು ಮನಿಗೆ ಹಂಚು ನೋಡೂಣು. ಒಂದು ಉಳೀತೈತಿ. ಏಳು ಮನಿಗೆ ಹಂಚು, ಎರಡು ಉಳೀತಾವು. ಉಳದದ್ದು ಯಾರಿಗೆ? ಅಲ್ಲೇ ಜಗಳ! ಇನ್ನೊಂದು ಕೈ ಹಾಕು. ಮೂರು ಮನಿ ಹಂಚ್ಕೊಂಡ್ರೂ ಸಮ, ಐದು ಮನಿ ಹಂಚ್ಕೊಂಡ್ರೂ ಸಮ, ಏಳು ಮನಿ ಹಂಚ್ಕೊಂಡ್ರೂ ಸಮ. ನಮ್ಮ ಕಟ್ಟು ಬಿಚ್ಚಿದಲ್ಲಿ ಜಗಳ ಇರಬಾರ್ದು."

ನಾನು ಅಂಗಳದಲ್ಲಿ ಎಲೆ ಹರವಿ ಹಂಚಿ ನೋಡಿದೆ. ಖರೆ ಇತ್ತು. ಆಮೇಲೆ ಕೇಳಲಿಲ್ಲ. ಮದುವೆಯಾದ ಮೇಲೆಯೂ ಇದೇ ಊರು, ಇದೇ ತೋಟ, ಇದೇ ಇಪ್ಪತ್ತೊಂದು ಕೈ.

ಮೊಮ್ಮಗಳು ನನ್ನನ್ನು ಆಯಿ ಎಂದು ಕರೆಯುತ್ತಾಳೆ. ಅವಳು ನಡೆಯುವ ಮೊದಲೇ ಎಲೆಯ ರಾಶಿಯ ಮೇಲೆ ತೆವಳಿದವಳು. ಸೊಸೆ ತೋಟಕ್ಕೆ ಹೋದರೆ ಕೂಸು ನನ್ನ ಮಗ್ಗುಲಲ್ಲಿ. ಅಳದ ಹಾಗೆ ಮಾಡಲು ನಾನು ರಾಗ ಮಾಡಿ ಎಣಿಸುತ್ತಿದ್ದೆ, ಒಂದು ಕೈ, ಎರಡು ಕೈ, ಮೂರು ಕೈ. ಆ ರಾಗದಲ್ಲೇ ಅವಳು ಮಾತು ಕಲಿತಳು. ನಾಲ್ಕು ವರ್ಷಕ್ಕೆ ತನ್ನ ಪುಟ್ಟ ಎಡಗೈಯಲ್ಲಿ ಐದು ಎಲೆ ಹಿಡಿಯಲಾರದೆ ಎದೆಗೆ ಒತ್ತಿಕೊಂಡು ಹಿಡಿಯುತ್ತಿದ್ದಳು. ಅವಳಿಗೆ ಎಲ್ಲ ಕೆಲಸಕ್ಕೂ ಎಡಗೈಯೇ ಮುಂದು. ಎರಡನೆಯ ಇಯತ್ತೆಗೆ ಬರುವಷ್ಟರಲ್ಲಿ ನಾನು ಒಂದು ಕಟ್ಟು ಕಟ್ಟುವುದರೊಳಗೆ ಅವಳದು ಮುಗಿದು, ನಾರಿನ ತುದಿಯನ್ನು ಹಲ್ಲಿನಿಂದ ಕಡಿಯುತ್ತ ನನ್ನನ್ನು ನೋಡಿ ನಗುತ್ತಿದ್ದಳು. ಕೊಸರು ಯಾಕೆ ಎಂದು ಅವಳೂ ಕೇಳಿದಳು. ಅಪ್ಪ ಹೇಳಿದ್ದನ್ನೇ ಹೇಳಿದೆ. ಅವಳೂ ಎಲೆ ಹರವಿ ಹಂಚಿ ನೋಡಿದಳು! ನನ್ನ ಹಾಗೆಯೇ, ಅಂಗಳದಲ್ಲೇ. ಆ ಹೊತ್ತಿನ ಬಿಸಿಲು, ಅವಳ ಗಿಡ್ಡ ಜಡೆ, ಮೂಗಿನ ಮೇಲಿನ ಬೆವರು, ಎಲ್ಲ ನನ್ನ ಕಣ್ಣಿಗೆ ಕಟ್ಟಿದೆ.

ಹೋದ ವರ್ಷ ಅವಳು ಐದನೆಯ ಇಯತ್ತೆ. ಅವಳ ಸಾಲೆಯ ಅಕ್ಕೋರು, ಗಣಿತ ಕಲಿಸುವವರು, ಅವಳ ಹೆಸರನ್ನು ತಾಲ್ಲೂಕಿನ ಗಣಿತ ಸ್ಪರ್ಧೆಗೆ ಕೊಟ್ಟರು. ಸವಣೂರಿನಲ್ಲಿ ಪರೀಕ್ಷೆ ಬರೆಯಬೇಕು. ಮೊದಲ ಇಬ್ಬರನ್ನು ಆರಿಸಿ ದೊಡ್ಡ ಸ್ಪರ್ಧೆಗೆ ಕಳಿಸುತ್ತಾರೆ. ಅಲ್ಲಿಗೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕಿನ ಮಕ್ಕಳು ಬರುತ್ತಾರೆ. ನಮ್ಮವಳು ಮೂರನೆಯವಳಾದಳು. ಒಂದೇ ಒಂದು ಅಂಕದಿಂದ ಹೋಯಿತು.

ಅಕ್ಕೋರು ಮನೆಗೇ ಬಂದರು. ಪ್ರಶ್ನೆ ಓದಿದರು. "ಒಂದು ಕಟ್ಟಿನಲ್ಲಿ ನೂರು ವೀಳ್ಯದೆಲೆಗಳಿವೆ. ಅಂಥ ಎಂಟು ಕಟ್ಟುಗಳನ್ನು ಮೂವತ್ತೈದು ಜನರಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು ಬರುತ್ತವೆ? ಎಷ್ಟು ಉಳಿಯುತ್ತವೆ?" ಇಪ್ಪತ್ತೆರಡು ಬಂದು ಮೂವತ್ತು ಉಳಿಯಬೇಕಂತೆ. ನಮ್ಮ ಹುಡುಗಿ, ಒಬ್ಬರಿಗೆ ಇಪ್ಪತ್ನಾಲ್ಕು, ಏನೂ ಉಳಿಯುವುದಿಲ್ಲ ಎಂದು ಬರೆದಿದ್ದಳು.

"ಭಾಗಾಕಾರ ತಪ್ಪಿಲ್ರಿ ಅಮ್ಮಾ. ಆದ್ರ ನೂರು ಅಂತ ಕೊಟ್ಟಿದ್ದನ್ನ ನೂರಾ ಐದು ಹಿಡದಾಳ. ಯಾಕ ಹಿಡದಿ ಅಂದ್ರ, ಕಟ್ಟಿನ್ಯಾಗ ಅಷ್ಟ ಇರ್ತಾವ್ರಿ ಅಂತಾಳ," ಎಂದರು ಅಕ್ಕೋರು.

ಮೊದಲು ನನಗೆ ನಗು ಬಂತು. ಆಮೇಲೆ ಬಾಗಿಲ ಮರೆಯಲ್ಲಿ ನಿಂತಿದ್ದ ಅವಳ ಮುಖ ಕಂಡಿತು. ಲೆಕ್ಕ ಬರದೆ ಸೋತಿದ್ದರೆ ಬೇರೆ ಮಾತು. ಕೂಸನ್ನು ಸೋಲಿಸಿದ್ದು ನಾನು, ನನ್ನ ರಾಗ, ನನ್ನ ಇಪ್ಪತ್ತೊಂದನೆಯ ಕೈ. ಸಾಹೇಬರಿಗೆ ಸುದ್ದಿ ತಿಳಿದು ಅವರು ಗಡ್ಡ ನೀವುತ್ತ ಅಂದರು, "ಏನವಾ, ನಿನ್ನ ಕೊಸರು ಸಂತಿ ದಾಟಿ ಪರೀಕ್ಷಾಕೂ ಹೋಗೇತಂತಲ್ಲ! ಮಾಸ್ತರಗೂ ಐದು ಎಲಿ ಪುಕ್ಕಟೆ ಕೊಟ್ಟು ಬಂದಾಳೇನು?" ಅವರದು ಯಾವತ್ತೂ ಇಂಥ ಮಾತು, ನಾನೂ ಯಾವತ್ತೂ ತಿರುಗಿ ಅನ್ನುವವಳು. ಅವತ್ತು ತಲೆ ತಗ್ಗಿಸಿ ನಾರು ಸೀಳುತ್ತ ಕೂತೆ.

ಅಂದೇ ತೀರ್ಮಾನ ಮಾಡಿದೆ. ಮುಂದಿನ ವರ್ಷ ಅವಳು ದೊಡ್ಡ ಸ್ಪರ್ಧೆಗೆ ಹೋಗಿ ಬರುವವರೆಗೆ ಎಲೆ ಮುಟ್ಟಬಾರದು. ನನಗೆ ಆಗದ ಸಾಲೆ ಅವಳಿಗಾಗಬೇಕು, ಅದಕ್ಕೆ ನನ್ನ ಕೈಯೇ ಅಡ್ಡ ಬರಬಾರದು.

"ಯಾಕ ಆಯಿ?"

"ಯಾಕಿಲ್ಲ ಗೀಕಿಲ್ಲ. ನೀ ಆ ಕಡೆ ಕುಂತು ಓದು."

ಒಂದು ವರ್ಷ ಪಡಸಾಲೆಯ ಒಂದು ಮೂಲೆಯಲ್ಲಿ ನಾನು, ಇನ್ನೊಂದು ಮೂಲೆಯಲ್ಲಿ ಅವಳು. ಅವಳಿಗೆ ಕೇಳಿಸದಿರಲಿ ಎಂದು ನಾನು ಬಾಯಿ ಮುಚ್ಚಿಕೊಂಡು ಎಣಿಸುತ್ತಿದ್ದೆ. ರಾಗವಿಲ್ಲದೆ ಎಣಿಸಿದರೆ ನನಗೇ ಲೆಕ್ಕ ತಪ್ಪುತ್ತಿತ್ತು. ಎಷ್ಟು ಸಲ ಬಿಚ್ಚಿ ಮತ್ತೆ ಎಣಿಸಿದ್ದೇನೋ! ಅವಳು ಪುಸ್ತಕ ಹಿಡಿದು ಕೂತಿದ್ದರೂ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡುತ್ತಲೇ ಇರುತ್ತಿತ್ತು.

ಒಂದು ದಿನ ಸಾಹೇಬರು ಒಂದು ಕಟ್ಟು ಹಿಡಿದು ಬಂದರು. "ಇದು ನಿನ್ನ ಕೈ ಅಲ್ಲ ನೋಡವಾ," ಎಂದರು. ನಾನು ಗಂಟನ್ನು ಬಲಕ್ಕೆ ಎಳೆಯುವವಳು. ಈ ಗಂಟು ಎಡಕ್ಕಿತ್ತು. ಬಿಚ್ಚಿ ಎಣಿಸಿದೆ. ಸರಿಯಾಗಿ ಇಪ್ಪತ್ತೊಂದು ಕೈ. ಮೊಮ್ಮಗಳನ್ನು ಕರೆದೆ.

"ಒಂದ ಒಂದು ಕಟ್ಟು ಆಯಿ. ನೀ ನೀರಿಗೆ ಹೋಗಿದ್ದಿ. ಕೈ ಸುಮ್ನ ಇರ್ಲಿಲ್ಲ."

"ಎಷ್ಟು ಹಾಕಿದಿ ಇದರಾಗ?"

"ಕಟ್ಟಿಗೆ ಎಷ್ಟು ಹಾಕ್ಬೇಕೋ ಅಷ್ಟು."

ಅವತ್ತು ನಾನು ಬೈದದ್ದನ್ನು ಬರೆಯಲು ಮನಸ್ಸಿಲ್ಲ. ಅವಳು ಅಳಲಿಲ್ಲ, ಕಟ್ಟನ್ನು ಮತ್ತೆ ಅದೇ ಎಡಗಂಟು ಹಾಕಿ ಕಟ್ಟಿ ಸಾಹೇಬರ ಕೈಗೆ ಕೊಟ್ಟು ಒಳಗೆ ಹೋದಳು. ಸಾಹೇಬರು ಚೇಷ್ಟೆ ಬಿಟ್ಟು ಮೆಲ್ಲಗೆ ಅಂದರು, "ಇಷ್ಟು ಜೋರು ಮಾಡಬ್ಯಾಡವಾ. ಕೂಸಿಗೆ ಗೊತ್ತೈತಿ ತಾ ಏನ್ ಮಾಡಾಕತ್ತೇನಿ ಅಂತ."

ಈ ವರ್ಷ ಸವಣೂರಿನ ಪರೀಕ್ಷೆಯಲ್ಲಿ ಅವಳು ಮೊದಲ ಇಬ್ಬರಲ್ಲಿ ಬಂದಳು. ದೊಡ್ಡ ಸ್ಪರ್ಧೆ ಹಾನಗಲ್ಲಿನ ಒಂದು ಸಾಲೆಯಲ್ಲಿ. ಮಗ ಸೊಸೆ ಇಬ್ಬರಿಗೂ ಅಂದು ಎಲೆ ಕೊಯ್ಲು. ಅಕ್ಕೋರ ಜೊತೆ ನಾನೇ ಹೊರಟೆ. ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟೆ, ಬಾಯಾಡಿಸಲು ಚೀಲದಲ್ಲಿ ಎರಡು ಪೊಟ್ಟಣ ಸವಣೂರು ಖಾರ ಇಟ್ಟುಕೊಂಡೆ. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಪುಕ್ಕಟೆ ಟಿಕೆಟ್. ಕಂಡಕ್ಟರನಿಗೆ ಕಾರ್ಡಿನ ಜೊತೆಗೆ ಎಲ್ಲಿಗೆ, ಯಾಕೆ ಎಂಬುದನ್ನೂ ಹೇಳಿದೆ. ಬಂಕಾಪುರದಲ್ಲಿ ಇಳಿದು ಹಾನಗಲ್ ಬಸ್ಸಿಗೆ ಕಾಯುವಾಗ ದೂರದಲ್ಲೆಲ್ಲೋ ನವಿಲು ಕೂಗಿತು. ನನಗೆ ಮಾತ್ರ ಎದೆಯಲ್ಲಿ ಒಂದೇ ಚಿಂತೆ.

"ನೂರು ಅಂದ್ರ ಎಷ್ಟು?" ಎಂದು ಕೇಳಿದೆ.

"ನೂರು."

"ಮ್ಯಾಲೆ ಕೊಸರು?"

"ಇಲ್ಲ ಆಯಿ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದೆ. ಅಕ್ಕಿಆಲೂರು ಬಂದಾಗ ಮೂರನೆಯ ಸಲ.

"ಆಯಿ, ಇನ್ನೊಮ್ಮೆ ಕೇಳಿದ್ರ ನಿನಗ ಬೇಕಂತ ನೂರಾ ಐದು ಅಂತೇನಿ ನೋಡು!"

ಅಕ್ಕೋರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಹಾನಗಲ್ಲಿನ ಆ ಸಾಲೆಯಲ್ಲಿ ಎಂಟು ಮಕ್ಕಳು, ತಾಲ್ಲೂಕಿಗೆ ಇಬ್ಬರಂತೆ. ಮುಂಜಾನೆ ಬರೆಯುವ ಪರೀಕ್ಷೆ. ಹಿರಿಯರೆಲ್ಲ ಹೊರಗೆ ಬೇವಿನ ನೆರಳಲ್ಲಿ. ನನ್ನ ಪಕ್ಕ ಹಿರೇಕೆರೂರು ಕಡೆಯ ಒಬ್ಬ ಅಜ್ಜ ಕೂತಿದ್ದರು, ಕೆಂಪು ಪಟಗ ಸುತ್ತಿದವರು. ಅವರ ಮೊಮ್ಮಗನೂ ಒಳಗಿದ್ದ.

"ನಮ್ಮ ಹುಡುಗ ನಿದ್ದಿಗಣ್ಣಾಗೂ ಭಾಗಾಕಾರ ಮಾಡ್ತಾನ್ರಿ," ಎಂದರು.

"ನಮ್ಮಾಕಿ ಲೆಕ್ಕ ಮುಗಿಯೂತನ ನಿದ್ದೀನ ಮಾಡೂದಿಲ್ರಿ," ಎಂದೆ.

"ನಮ್ಮಾಂವ ಗೋವಿನಜೋಳದ ತೆನಿ ನೋಡಿ ಕಾಳು ಎಷ್ಟು ಅಂತ ಹೇಳ್ತಾನ."

"ಯಾರು ಎಣಿಸಿ ನೋಡ್ಯಾರ್ರಿ ಅದನ್ನ?"

ಅಜ್ಜ, "ಅದೂ ಖರೆ," ಎಂದು ನಕ್ಕರು. ನಾನು ಖಾರದ ಪೊಟ್ಟಣ ಬಿಚ್ಚಿದೆ. ಮಾತಾಡುತ್ತ ಮಾತಾಡುತ್ತ ಒಂದು ಪೊಟ್ಟಣ ಪೂರ್ತಿ ಅವರೇ ಮುಗಿಸಿದರು.

ಮಧ್ಯಾಹ್ನ ಬರೆದದ್ದರ ಫಲಿತಾಂಶ ಹೇಳಿದರು. ಮೂವರು ಉಳಿದಿದ್ದರು: ಶಿಗ್ಗಾವಿಯ ಒಬ್ಬ ಹುಡುಗಿ, ಅಜ್ಜನ ಮೊಮ್ಮಗ, ನಮ್ಮವಳು. ಇನ್ನು ಬಾಯಿಂದ ಉತ್ತರ ಹೇಳುವ ಸುತ್ತು. ಹಿರಿಯರನ್ನೆಲ್ಲ ಒಳಗೆ ಕರೆದು ಹಿಂದಿನ ಬೆಂಚಿನ ಮೇಲೆ ಕೂಡಿಸಿದರು. ಪ್ರಶ್ನೆ ಕೇಳುವವರು ಹೊರ ಊರಿನಿಂದ ಬಂದ ಹಿರಿಯ ಗುರುಗಳು. ಹಾಳೆ ಕೊಡುವುದಿಲ್ಲ, ಪೆನ್ನು ಕೊಡುವುದಿಲ್ಲ. ಗೊತ್ತಾದವರು ಕೈ ಎತ್ತಬೇಕು. ಪ್ರಶ್ನೆ ಬಂದಂತೆ ಹುಡುಗನದೂ ನಮ್ಮವಳದೂ ಅಂಕ ಸಮಸಮ ಆಯಿತು. ಅಜ್ಜ ಪಟಗ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ನೀಲಿಯಾಯಿತು.

ಗುರುಗಳು ಕೊನೆಯ ಪ್ರಶ್ನೆ ಓದಿದರು. "ನೂರಕ್ಕಿಂತ ದೊಡ್ಡದಾದ ಒಂದು ಸಂಖ್ಯೆ. ಅದನ್ನು ಮೂರರಿಂದ ಭಾಗಿಸಿದರೂ, ಐದರಿಂದ ಭಾಗಿಸಿದರೂ, ಏಳರಿಂದ ಭಾಗಿಸಿದರೂ ಒಂದೇ ಒಂದು ಉಳಿಯಬೇಕು. ಅಂಥ ಅತಿ ಚಿಕ್ಕ ಸಂಖ್ಯೆ..."

ಯಾವುದು ಎನ್ನುವ ಮೊದಲೇ ಒಂದು ಎಡಗೈ ಮೇಲೆದ್ದಿತು.

ನನ್ನ ಕಿವಿಯಲ್ಲಿ ಮಾತ್ರ ಗುರುಗಳ ದನಿ ಇರಲಿಲ್ಲ. ಮೂರು, ಐದು, ಏಳು! ಅಪ್ಪನ ದನಿ ಇತ್ತು. ಮೂರು ಮನಿ, ಐದು ಮನಿ, ಏಳು ಮನಿ. ಒದ್ದೆ ಗೋಣಿಯ ವಾಸನೆ ಆ ಸಾಲೆಯ ಕೋಣೆಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ.

"ನೂರಾ ಆರ್ರಿ," ಎಂದಳು ನನ್ನ ಕೂಸು.

ಗುರುಗಳು ಕನ್ನಡಕದ ಮೇಲಿನಿಂದ ನೋಡಿದರು. "ಸರಿ ಐತಿ. ಆದ್ರ ನಾ ಇನ್ನೂ ಓದಿ ಮುಗಿಸಿಲ್ಲ. ಮೊದಲ ಗೊತ್ತಿತ್ತೇನು ಈ ಪ್ರಶ್ನೆ?"

"ಪ್ರಶ್ನೆ ಗೊತ್ತಿರ್ಲಿಲ್ರಿ. ಕಟ್ಟು ಗೊತ್ತಿತ್ತು."

"ಯಾವ ಕಟ್ಟು?"

"ಎಲಿ ಕಟ್ರಿ. ನಮ್ಮ ಕಟ್ಟಿನ್ಯಾಗ ಇಪ್ಪತ್ತೊಂದು ಕೈ ಇರ್ತಾವು, ನೂರಾ ಐದು ಎಲಿ. ಮೂರು ಮನಿ, ಐದು ಮನಿ, ಏಳು ಮನಿ, ಇವರಾಗ ಯಾರು ಹಂಚ್ಕೊಂಡ್ರೂ ಒಂದೂ ಉಳಿಯೂದಿಲ್ಲ. ಒಂದು ಉಳೀಬೇಕಂದ್ರ ಮ್ಯಾಲೆ ಒಂದು ಎಲಿ ಇಟ್ರ ಆತಲ್ರಿ."

ಕೋಣೆಯೆಲ್ಲ ನಕ್ಕಿತು. ಗುರುಗಳು ನಗಲಿಲ್ಲ. ಬೆರಳು ಮಡಚಿ ತಾವೇ ಒಮ್ಮೆ ಹಂಚಿ ನೋಡಿದರು. ಆಮೇಲೆ, "ಹಂಗಾದ್ರ ನಿಮ್ಮ ಊರಾಗ ನೂರು ಅಂದ್ರ ಎಷ್ಟವಾ?" ಎಂದು ಕೇಳಿದರು.

ವರ್ಷವಿಡೀ ಹೆದರಿದ ಪ್ರಶ್ನೆ ಅದು. ಅಕ್ಕೋರು ನನ್ನ ಕೈ ಹಿಡಿದುಕೊಂಡರು.

ಮೊಮ್ಮಗಳು ಹಿಂದಿನ ಬೆಂಚಿನ ಕಡೆ, ನನ್ನ ಕಡೆ, ನೋಡಿ ನಕ್ಕಳು. "ಪೇಪರ್‌ನ್ಯಾಗ ನೂರ್ರಿ, ತೋಟದಾಗ ನೂರಾ ಐದು. ಎರಡೂ ನನಗ ಗೊತ್ತದಾವು."

"ಯಾರು ಕಲಿಸಿದ್ರು?"

"ಪೇಪರಿಂದು ಅಕ್ಕೋರು. ತೋಟದ್ದು ನಮ್ಮ ಆಯಿ."

ಗುರುಗಳು ಆಯಿ ಎಲ್ಲಿದ್ದಾರೆ ಎಂದರು. ನಾನು ಎದ್ದು ನಿಂತೆ. ಎದ್ದವಳಿಗೆ ಏನು ಮಾಡಬೇಕೋ ತಿಳಿಯದೆ, ಚಿಕ್ಕಂದಿನಲ್ಲಿ ಮಾಸ್ತರರು ಹೆಸರು ಕೂಗಿದಾಗ ಅನ್ನುತ್ತಿದ್ದ ಹಾಗೆ, "ಹಾಜರ್ರಿ," ಎಂದುಬಿಟ್ಟೆ. ಚಪ್ಪಾಳೆ ಬಿತ್ತು ನೋಡಿ! ಹಿರೇಕೆರೂರಿನ ಅಜ್ಜ ಎಲ್ಲರಿಗಿಂತ ಜೋರು. ಹೊರಗೆ ಬಂದಾಗ ನನ್ನನ್ನು ನಿಲ್ಲಿಸಿ ಅಂದರು, "ಖಾರ ತಿನ್ನಿಸಿ ಸೋಲಿಸಿದ್ರಿ ನೀವು ನಮ್ಮನ್ನ. ಮುಂದಿನ ವರ್ಷ ನಾ ರೊಟ್ಟಿ ಕಟ್ಕೊಂಡು ಬರ್ತೇನಿ, ಮುಟ್ಟೂದಿಲ್ಲ ನಿಮ್ಮ ಪೊಟ್ಣ." ಎರಡನೆಯ ಪೊಟ್ಟಣವನ್ನು ಅವರ ಮೊಮ್ಮಗನ ಕೈಗೆ ಕೊಟ್ಟೆ. ಜಾಣ ಹುಡುಗ. ಸೋತರೂ ನಮ್ಮವಳಿಗೆ, "ಆ ಕಟ್ಟು ನನಗೂ ತೋರಿಸ್ತಿಯೇನು?" ಎಂದು ಕೇಳುತ್ತಿದ್ದ.

ವಾಪಸು ಬರುವ ಬಸ್ಸಿನಲ್ಲಿ ಅವಳು ತಾನು ಗೆದ್ದ ಪದಕವನ್ನು ನನ್ನ ಕೊರಳಿಗೆ ಹಾಕಿದಳು. ಬೇಡ ಎನ್ನಲಿಲ್ಲ, ಸವಣೂರು ತನಕ ಹಾಕಿಕೊಂಡೇ ಬಂದೆ. ದಾರಿಯಲ್ಲಿ ಅವಳಿಗೆ ಮುಕ್ಕಾಲು ಮಗ್ಗಿಯ ಸಂಗತಿ ಹೇಳಿದೆ. ಅವಳು ಕಣ್ಣರಳಿಸಿ, "ಅದೇನು? ಹೇಳು ಹೇಳು," ಎಂದಳು. ಬಸ್ಸಿನ ಕಂಬಿಗೆ ತಾಳ ಹಾಕುತ್ತ ರಾಗ ತೆಗೆದೆ. ಏಳು ಮುಕ್ಕಾಲು ಐದೂಕಾಲಿನ ಹತ್ತಿರ ನಿಂತೆ. ಎಂಟಕ್ಕೆ ಎಷ್ಟು ಎಂದು ಈಗ ನನಗೆ ಗೊತ್ತಿಲ್ಲದೆ ಅಲ್ಲ. ಆದರೆ ಬಾಯಿ ಅಲ್ಲಿಗೇ ನಿಲ್ಲುವುದು ರೂಢಿಯಾಗಿತ್ತು.

"ಎಂಟು ಮುಕ್ಕಾಲು ಆರು," ಎಂದಳು ಅವಳು, ಅದೇ ರಾಗದಲ್ಲಿ. "ಒಂಬತ್ತು ಮುಕ್ಕಾಲು ಆರೂಮುಕ್ಕಾಲು. ಹತ್ತು ಮುಕ್ಕಾಲು ಏಳೂವರೆ. ಆತಲ್ಲ ಆಯಿ, ಮುಗೀತು!"

ಮರುದಿನ ಮುಂಜಾನೆ ಎಲೆ ಬಂತು. ಸಾಹೇಬರೂ ಜೊತೆಗೇ ಬಂದರು, ಪದಕ ನೋಡಲು. ನಾನು ಚಾಪೆ ಹಾಸಿದೆ, ಒಂದು ಅಲ್ಲ, ಎರಡು. ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಕೇಳಲಿಲ್ಲ. ನಾನೂ ಕರೆಯಲಿಲ್ಲ, ನಾರಿನ ಸಿಂಬಿಯನ್ನು ಅವಳ ಚಾಪೆಯ ಕಡೆ ಎಸೆದೆ ಅಷ್ಟೇ. ಓಡಿ ಬಂದು ಕೂತಳು. ವರ್ಷದ ಮೇಲೆ ನಾನು ಬಾಯಿ ಬಿಟ್ಟು ರಾಗ ತೆಗೆದೆ, ಒಂದು ಕೈ, ಎರಡು ಕೈ. ಹತ್ತು ದಾಟುವಷ್ಟರಲ್ಲಿ ಅವಳು ನನ್ನ ಮುಂದೆ ಹೋಗಿದ್ದಳು. ಇಪ್ಪತ್ತಕ್ಕೆ ಬಂದು ಕೈ ನಿಲ್ಲಿಸಿ, ಓರೆಗಣ್ಣಿನಿಂದ ನನ್ನನ್ನು ನೋಡಿದಳು.

"ಹಾಕು," ಎಂದೆ.

ಸಾಹೇಬರು ಹಿಂದಿನಿಂದ ಅಂದರು, "ಹಾಕವಾ, ಹಾಕು. ನಾಲ್ಕು ತಾಲ್ಲೂಕಿಗೆ ಗೊತ್ತಾಗೇತಿ, ಇನ್ನ ಮುಚ್ಚೂದೇನೈತಿ?"

ಅವಳು ಇಪ್ಪತ್ತೊಂದನೆಯ ಕೈ ಇಟ್ಟು, ಗಂಟನ್ನು ಎಡಕ್ಕೆ ಎಳೆದಳು.